ಏರ್‌ಬ್ಯಾಗ್ ಪೆಟ್ಟಿಗೆ ಬಿಡಿ, ಮೊದಲು ಆ್ಯಪ್ ನೋಡಿ

ಕಾರಿನ ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವ ನನಗೆ ಸುತ್ತಿ ಬಳಸಿ ಅದೇ ಐದು ಪ್ರಶ್ನೆ ಬರುತ್ತವೆ. ಕೇಳುವ ಹೊತ್ತಿಗೆ ಎಷ್ಟೋ ಜನ ಆಗಲೇ ಯಾರದೋ ಮಾತು ನಂಬಿ ದುಡ್ಡು ಕಳೆದುಕೊಂಡಿರುತ್ತಾರೆ. ಅದೇ ನನಗೆ ಸಿಟ್ಟು ಬರಿಸುವುದು. ಈ ಸಲ ಒಂದಕ್ಕೆ ಪೂರ್ತಿ ಉತ್ತರ, ಉಳಿದವಕ್ಕೆ ಚುಟುಕಾಗಿ.

ನಮ್ಮ ಕಾರಿನಲ್ಲಿ ಬ್ಲ್ಯಾಕ್ ಬಾಕ್ಸ್ ಇದೆಯಂತೆ. ಎಲ್ಲಿಗೆ ಹೋದೆವು, ಒಳಗೆ ಏನು ಮಾತಾಡಿದೆವು ಎಲ್ಲ ಅದರಲ್ಲಿ ಉಳಿಯುತ್ತದೆ, ಇನ್ಶೂರೆನ್ಸ್‌ನವರು ತೆಗೆದು ನೋಡುತ್ತಾರೆ ಅಂತಾರೆ. ಒಬ್ಬರು ದುಡ್ಡು ಕೊಟ್ಟರೆ ಅಳಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಮಾಡಿಸಬಹುದಾ? — ದಾವಣಗೆರೆಯ ಓದುಗರು

ಬೇಡ. ಖಂಡಿತ ಬೇಡ.

ಅವರು ಹೇಳುತ್ತಿರುವುದು ಇಡಿಆರ್, ಅಂದರೆ ಈವೆಂಟ್ ಡೇಟಾ ರೆಕಾರ್ಡರ್ ಬಗ್ಗೆ. ಅದು ಏರ್‌ಬ್ಯಾಗ್ ಕಂಪ್ಯೂಟರಿನ ಒಳಗೇ ಇರುತ್ತದೆ. ಹೆಚ್ಚಿನ ಕಾರುಗಳಲ್ಲಿ ಮುಂದಿನ ಎರಡು ಸೀಟುಗಳ ನಡುವಿನ ಕನ್ಸೋಲ್ ಬಿಚ್ಚಿದರೆ ನೆಲಕ್ಕೆ ಬೋಲ್ಟ್ ಮಾಡಿದ ಅಂಗೈಯಗಲದ ಪೆಟ್ಟಿಗೆ, ಅದಕ್ಕೆ ಹಳದಿ ಕನೆಕ್ಟರ್ ಕಾಣುತ್ತದೆ. ಅದು ಡೇಟಾ ಉಳಿಸಿಕೊಳ್ಳುವುದು ಡಿಕ್ಕಿಯಾದಾಗ ಮಾತ್ರ. ಅಮೆರಿಕದ ನಿಯಮದ ಪ್ರಕಾರ ಡಿಕ್ಕಿಗೆ ಮುಂಚಿನ 5 ಸೆಕೆಂಡು: ವೇಗ ಎಷ್ಟಿತ್ತು, ಬ್ರೇಕ್ ಒತ್ತಿದಿರಾ, ಆಕ್ಸಿಲರೇಟರ್ ಎಷ್ಟು ಒತ್ತಿದ್ದಿರಿ, ಸೀಟ್ ಬೆಲ್ಟ್ ಹಾಕಿದ್ದಿರಾ, ಇಂಥವು. ಇದನ್ನು 20 ಸೆಕೆಂಡಿಗೆ ಏರಿಸಲು 2024ರ ಡಿಸೆಂಬರ್‌ನಲ್ಲಿ ಅಲ್ಲಿ ಆದೇಶವಾಗಿದೆ. ಯುರೋಪಿನಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಇಡಿಆರ್ ಕಡ್ಡಾಯ. ಆದರೆ ನಿಮ್ಮ ಮಾತನ್ನು ಅದು ಕೇಳಿಸಿಕೊಳ್ಳುವುದಿಲ್ಲ, ಯಾವ ಊರಿಗೆ ಹೋದಿರಿ ಅಂತ ಬರೆದಿಟ್ಟುಕೊಳ್ಳುವುದೂ ಇಲ್ಲ.

ಇನ್ನು ಅಳಿಸಿಕೊಡುವವರ ವಿಷಯ. ಅವರು ಕೈ ಹಾಕುವುದು ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯಬೇಕೋ ಬೇಡವೋ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸುವ ಕಂಪ್ಯೂಟರಿಗೆ. ಲ್ಯಾಪ್‌ಟಾಪ್‌ಗೆ ಯಾವುದೋ ಕದ್ದ ಸಾಫ್ಟ್‌ವೇರ್ ಹಾಕಿಕೊಂಡು ಅದರ ಮೆಮೊರಿಯನ್ನು ತಿದ್ದಿ ಕೊಡುವವರನ್ನು ನಂಬಿ ಹೆಂಡತಿ ಮಕ್ಕಳನ್ನು ಆ ಕಾರಿನಲ್ಲಿ ಕೂರಿಸುತ್ತೀರಾ? ಅದೂ ಅಲ್ಲದೆ ನೀವು ಸರಿಯಾಗಿ ಬ್ರೇಕ್ ಹಾಕಿದ್ದಿರಿ ಎಂದು ನಾಳೆ ಸಾಕ್ಷಿ ಹೇಳಬಹುದಾದದ್ದೂ ಅದೇ ಪೆಟ್ಟಿಗೆ.

ಡೇಟಾ ನಿಜವಾಗಿ ಹೊರಗೆ ಹೋಗುವ ದಾರಿ ಬೇರೆ. ಈಗಿನ ಕನೆಕ್ಟೆಡ್ ಕಾರುಗಳಲ್ಲಿ ಒಳಗೇ ಸಿಮ್ ಇರುತ್ತದೆ. ನಿಮ್ಮ ಫೋನ್ ಮನೆಯಲ್ಲಿ ಬಿಟ್ಟು ಹೋದರೂ ಕಾರು ತಾನೇ ಕಂಪನಿಯ ಸರ್ವರಿಗೆ ಮಾಹಿತಿ ಕಳಿಸಬಲ್ಲದು. ಡೆಲಿವರಿ ದಿನ ಪೂಜೆ, ಫೋಟೋ ಗಡಿಬಿಡಿಯಲ್ಲಿ ಶೋರೂಮ್ ಹುಡುಗ ನಿಮ್ಮ ಫೋನ್ ತೆಗೆದುಕೊಂಡು ಕಾರು ಕಂಪನಿಯ ಆ್ಯಪ್ ಹಾಕಿ ಸಾಲಾಗಿ ಒಪ್ಪಿಗೆ ಒತ್ತುತ್ತಾ ಹೋಗುತ್ತಾನೆ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ವಿಷಯದಲ್ಲಿ ಇದೇ ಒಪ್ಪಿಗೆಯ ಜಗಳವಾಯಿತು. ಕಾರು ಎಲ್ಲಿದೆ, ಯಾವಾಗ ಜೋರಾಗಿ ಬ್ರೇಕ್ ಹಾಕಿದರು ಎಂಬ ಮಾಹಿತಿಯನ್ನು, ಕೆಲವೊಮ್ಮೆ 3 ಸೆಕೆಂಡಿಗೊಮ್ಮೆ ತೆಗೆದದ್ದನ್ನು, ಮಾಲೀಕರಿಗೆ ಸರಿಯಾಗಿ ತಿಳಿಸದೆ ಮಾರಿತು ಎಂದು ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಕ್ರಮ ಕೈಗೊಂಡಿತು. ಆ ಮಾಹಿತಿ ಇನ್ಶೂರೆನ್ಸ್ ಕಂಪನಿಗಳ ಕೈ ಸೇರಿ ಪ್ರೀಮಿಯಂ ಏರಿತು ಎಂದು ಮಾಲೀಕರು ದೂರಿದ್ದರು. ಅಲ್ಲಿರುವ ನಮ್ಮ ಕನ್ನಡದವರೂ ಇದನ್ನು ಗಮನಿಸಬೇಕು.

ನಮ್ಮಲ್ಲೂ ಓಡಿಸುವ ರೀತಿ ನೋಡಿ ಪ್ರೀಮಿಯಂ ನಿಗದಿ ಮಾಡುವ ಪಾಲಿಸಿಗಳಿಗೆ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2022ರ ಜುಲೈನಲ್ಲೇ ಒಪ್ಪಿಗೆ ಕೊಟ್ಟಿದೆ. ರಿಯಾಯಿತಿ ಆಸೆಗೆ ಸಹಿ ಹಾಕುವ ಮುಂಚೆ ಯಾವ ಮಾಹಿತಿ, ಎಷ್ಟು ದಿನ, ಯಾರ ಹತ್ತಿರ ಇರುತ್ತದೆ ಎಂದು ಬರಹದಲ್ಲಿ ಕೇಳಿ. ನಾನಂತೂ ಇಂಥ ಪಾಲಿಸಿ ತೆಗೆದುಕೊಳ್ಳುವುದಿಲ್ಲ.

ಇವತ್ತೇ ಆ್ಯಪ್ ತೆರೆದು ಡ್ರೈವಿಂಗ್ ಸ್ಕೋರ್, ಟ್ರಿಪ್ ಹಿಸ್ಟರಿ, ಲೊಕೇಶನ್ ಹಂಚಿಕೆ ನೋಡಿ, ಬೇಡದ್ದನ್ನು ಆಫ್ ಮಾಡಿ. ಫ್ಯೂಸ್ ಕಿತ್ತು ಸಿಮ್ ಸಾಯಿಸಲು ಹೋಗಬೇಡಿ, ಅಪಘಾತವಾದಾಗ ಎಸ್‌ಒಎಸ್ ಕರೆ ಹೋಗುವುದೂ ಅದೇ ದಾರಿಯಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು ಎಂದಿದೆ. 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದವು, ಆದರೆ ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಸುಮ್ನೆ ಕೂರಬೇಡಿ, ಒಪ್ಪಿಗೆ ವಾಪಸ್ ಪಡೆಯುವುದು ಹೇಗೆ ಎಂದು ಕಾರು ಕಂಪನಿಗೆ ಈಗಲೇ ಮೇಲ್ ಹಾಕಿ ಕೇಳಿ.

ಮೈಲೇಜ್ ನೋಡಲು ಆನ್‌ಲೈನ್‌ನಲ್ಲಿ ಅಗ್ಗದ ಒಬಿಡಿ ಡಾಂಗಲ್ ತರಿಸಿದ್ದೇನೆ, ತೊಂದರೆ ಇಲ್ಲ ಅಲ್ವಾ?

ಇದೆ. ಒಬಿಡಿ ಎಂದರೆ ಕಾರಿನ ದೋಷ, ಮಾಹಿತಿ ಓದಲು ಮೆಕ್ಯಾನಿಕ್‌ಗಳು ಬಳಸುವ ಪೋರ್ಟ್, ಡಾಂಗಲ್ ಅದಕ್ಕೆ ಸಿಕ್ಕಿಸುವ ಪುಟ್ಟ ಸಾಧನ. ಸ್ಟೀರಿಂಗ್ ಕೆಳಗಿನ ಆ 16 ಪಿನ್ನಿನ ಪೋರ್ಟಿನಲ್ಲಿ 16ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ಕರೆಂಟ್ ಬರುತ್ತದೆ, ಕೀ ತೆಗೆದರೂ ಡಾಂಗಲ್‌ಗೆ ಅದು ಸಿಗುತ್ತಲೇ ಇರುತ್ತದೆ. ಯಾರು ಮಾಡಿದ್ದೋ, ಅದರ ಆ್ಯಪ್ ಯಾವ ದೇಶಕ್ಕೆ ಏನು ಕಳಿಸುತ್ತದೋ ಹೇಳುವವರಿಲ್ಲ. ಕೆಲಸ ಮುಗಿದ ಮೇಲೆ ಕಿತ್ತಿಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಹಳೆ ಮಾಲೀಕರಿಗೆ ನಾನು ಎಲ್ಲಿದ್ದೇನೆ ಅಂತ ಕಾಣುತ್ತದಾ?

ಅವರ ಆ್ಯಪ್‌ನಿಂದ ಕಾರನ್ನು ತೆಗೆದಿಲ್ಲ ಎಂದರೆ ಕಾಣಬಹುದು, ಕೆಲವು ಕಾರುಗಳಲ್ಲಿ ಡೋರೂ ತೆಗೆಯಬಹುದು. ಸ್ಕ್ರೀನ್ ರೀಸೆಟ್ ಮಾಡಿದರೆ ಸಾಲದು, ಆರ್‌ಸಿ ಹಿಡಿದುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ ಖಾತೆ ಬದಲಿಸಿಕೊಳ್ಳಿ. ಮಾರುವವರು ಬ್ಲೂಟೂತ್‌ನಲ್ಲಿ ಕಾಪಿಯಾದ ಕಾಂಟ್ಯಾಕ್ಟ್, ಕಾಲ್ ಲಿಸ್ಟ್, ಮ್ಯಾಪ್‌ನಲ್ಲಿ 'ಮನೆ' ಎಂದು ಉಳಿಸಿದ ವಿಳಾಸ ಎಲ್ಲ ಅಳಿಸಿಯೇ ಕೀ ಕೊಡಿ.

ಜಿಪಿಎಸ್ ಜಾಮರ್ ಹಾಕಿಸಲಾ?

ಅದು ಜಿಪಿಎಸ್ ಸಿಗ್ನಲ್ ತಡೆಯುವ ಸಾಧನ, ಸರ್ಕಾರದ ಅನುಮತಿ ಇಲ್ಲದೆ ಅದನ್ನು ಬಳಸುವುದು ಕಾನೂನುಬಾಹಿರ. ಇನ್ನೊಮ್ಮೆ ಕೇಳಬೇಡಿ.

ಟ್ಯಾಕ್ಸಿಗೆ ಹಾಕಿರುವ ಟ್ರ್ಯಾಕರ್ ಕಿತ್ತು ಹಾಕಬಹುದಾ?

ಇಲ್ಲ. ಹಳದಿ ಬೋರ್ಡಿಗೆ ಅದೂ ಪ್ಯಾನಿಕ್ ಬಟನ್ನೂ ಪ್ರಯಾಣಿಕರ ಸುರಕ್ಷತೆಗೆ ಹಾಕಿಸಿದ್ದು. ಕೆಲಸ ಮಾಡುತ್ತಿದೆಯಾ ಅಂತ ನೋಡಿಕೊಳ್ಳಿ.