ತವರಿನ ನಾಲ್ಕು ದಿನ

ಶಿಡ್ಲಘಟ್ಟದ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ. ಅವರ ಪತ್ನಿ ಹನ್ನೆರಡು ವರ್ಷಗಳಿಂದ ರೇಷ್ಮೆ ನೂಲು ಬಿಚ್ಚುತ್ತಿದ್ದಾರೆ. ಮೂರು ವರ್ಷದಿಂದ ಅಲರ್ಜಿಯ ಉಬ್ಬಸ, ರಾತ್ರಿ ಎದ್ದು ಕೂರುವ ಸ್ಥಿತಿ. ಜಲಜನಕ (ಹೈಡ್ರೋಜನ್) ಅನಿಲ ಉಸಿರಾಡಿಸುವ ಯಂತ್ರ ಕೊಂಡರೆ ಉಬ್ಬಸಕ್ಕೆ ಸೇದುವ ಔಷಧಿಯ ಪಂಪು (ಇನ್‌ಹೇಲರ್) ಬಿಟ್ಟುಬಿಡಬಹುದು ಎಂದು ಮಾರಾಟಗಾರರೊಬ್ಬರು ಹೇಳಿದ್ದಾರಂತೆ. ಚೀಟಿ ಎತ್ತಿ ಕೊಳ್ಳಲೇ ಎಂಬುದು ಅವರ ಪ್ರಶ್ನೆ.

ಚೀಟಿ ಎತ್ತಬೇಡಿ. ಪಂಪಂತೂ ಒಂದು ದಿನವೂ ಬಿಡಿಸಬೇಡಿ.

ಹಾಗೆಂದು ಜಲಜನಕದ ವಿಚಾರ ಕಟ್ಟುಕತೆಯಲ್ಲ. ಜೀವಕೋಶಗಳನ್ನು ಹಾಳುಮಾಡುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಉಗ್ರ ಕಣವನ್ನು ಈ ಅನಿಲ ತಣಿಸಬಲ್ಲದು ಎಂದು 2007ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಅಲರ್ಜಿಯಿಂದ ಶ್ವಾಸನಾಳ ಊದಿಕೊಂಡಾಗಲೂ ಇಂಥ ಕಣಗಳು ಹೆಚ್ಚುತ್ತವೆ. ಮೊಟ್ಟೆಯ ಬಿಳಿಭಾಗದ ಪ್ರೋಟೀನು ಕೊಟ್ಟು ಅಸ್ತಮಾ ಬರಿಸಿದ ಇಲಿಗಳಲ್ಲಿ ಜಲಜನಕದಿಂದ ಆ ಊತ ಕಡಿಮೆಯಾಗಿದೆ. ಮನುಷ್ಯರ ವಿಷಯಕ್ಕೆ ಬಂದರೆ, ಚೀನಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದ್ದ ಅಸ್ತಮಾ ರೋಗಿಗಳು ಹತ್ತೇ ಜನ. ಶೇ 2.4ರಷ್ಟು ಜಲಜನಕವಿದ್ದ ಗಾಳಿಯನ್ನು ಒಂದೇ ಸಲ, 45 ನಿಮಿಷ ಉಸಿರಾಡಿದರು. ಊತ ಸೂಚಿಸುವ ಕೆಲವು ಅಂಶಗಳು ಇಳಿದವು. ಆದರೆ ನಿಮ್ಮ ಮನೆಯವರು ರಾತ್ರಿ ಏಳುವುದು ತಪ್ಪುತ್ತದೆಯೇ ಎಂಬುದಕ್ಕೆ ಒಂದೇ ಸಲದ 45 ನಿಮಿಷ ಉತ್ತರ ಕೊಡಲಾರದು. ಭರವಸೆಯ ಸಂಶೋಧನೆ ನಡೆಯಲಿ, ನನಗೂ ಆಸೆಯಿದೆ. ಅದನ್ನೇ ಔಷಧಿಯೆಂದು ಬಡವರಿಗೆ ಮಾರುವುದನ್ನು ಕಂಡರೆ ಮಾತ್ರ ಸಂಕಟವಾಗುತ್ತದೆ.

ಬೆಂಕಿಯ ಭಯವೂ ಇದೆ. ಗಾಳಿಯಲ್ಲಿ ಜಲಜನಕ ಶೇ 4 ದಾಟಿದರೆ ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ನೀರನ್ನು ವಿದ್ಯುತ್ತಿನಿಂದ ಒಡೆದು ಬರುವುದನ್ನೆಲ್ಲ ಮೂಗಿಗೆ ಬಿಡುವ ಯಂತ್ರವಾದರೆ ಅದರಲ್ಲಿ ಜಲಜನಕ ಎರಡು ಪಾಲು, ಆಮ್ಲಜನಕ ಒಂದು ಪಾಲು. ಮನೆಯ ಮಗ್ಗುಲಲ್ಲೇ ಗೂಡು ಬೇಯಿಸುವ ಒಲೆ ಉರಿಯುತ್ತದೆ ಎಂದು ನೀವೇ ಬರೆದಿದ್ದೀರಿ.

ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಸಾಲು: 'ಹಬ್ಬಕ್ಕೆ ತವರಿಗೆ ಹೋದರೆ ನಾಲ್ಕು ದಿನ ಚೆನ್ನಾಗಿಯೇ ಇರುತ್ತಾಳೆ.' ವೈದ್ಯರಿಗೆ ಇದನ್ನು ಹೇಳಿದ್ದೀರಾ? ರೇಷ್ಮೆ ಕೆಲಸಗಾರರ ಅಸ್ತಮಾ ಹೊಸದಲ್ಲ. ನೂಲು ಬಿಚ್ಚುವ ಕಾರ್ಖಾನೆಗಳಾದ ಫಿಲೇಚರುಗಳಲ್ಲಿ ಅದು ಎಷ್ಟಿದೆ ಎಂಬ ಅಧ್ಯಯನ ನಮ್ಮ ದೇಶದಲ್ಲಿ 1985ರಲ್ಲೇ ಪ್ರಕಟವಾಗಿದೆ. ಗೂಡಿನ ಅಂಟು, ಬೆಂದ ಹುಳು, ಚಿಟ್ಟೆಯ ರೆಕ್ಕೆಯ ಹುಡಿ, ಇವುಗಳ ಪ್ರೋಟೀನು ಹಬೆಯಲ್ಲೋ ದೂಳಿನಲ್ಲೋ ಸೇರಿ ಎದೆಗೆ ಇಳಿಯುತ್ತದೆ. ಕೆಲವರಿಗೆ ವರ್ಷಗಟ್ಟಲೆ ಏನೂ ಆಗದೆ, ಆಮೇಲೆ ಒಗ್ಗದಂತಾಗುತ್ತದೆ. ಆ ಹಬೆ, ದೂಳು ಎದೆಗೆ ಇಳಿಯುವುದು ಹಾಗೇ ಮುಂದುವರಿದರೆ ಯಾವ ಯಂತ್ರ ತಂದು ಏನು ಪ್ರಯೋಜನ?

ಪಂಪು ಅಭ್ಯಾಸವಾಗಿಬಿಡುತ್ತದೆ ಎಂಬ ನಿಮ್ಮ ಅಂಜಿಕೆ ನನಗೆ ಗೊತ್ತು. ನಮ್ಮಮ್ಮ ನೆಂಟರು ಬಂದರೆ ಪಂಪನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಿದ್ದರು. ಬಚ್ಚಿಟ್ಟ ದಿನವೇ ಉಬ್ಬಸ ಏರುತ್ತಿತ್ತು. ಪಂಪಿನಲ್ಲಿ ಸೇದುವ, ಊತ ಇಳಿಸುವ ಸ್ಟೀರಾಯ್ಡ್ ಮೈಕ್ರೊಗ್ರಾಂ ಲೆಕ್ಕದ್ದು, ಮಾತ್ರೆಯದು ಅದರ ಸಾವಿರ ಪಟ್ಟಾದ ಮಿಲಿಗ್ರಾಂ ಲೆಕ್ಕದ್ದು. ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು, ಅಷ್ಟೆ. ಉಬ್ಬಸ ಬಂದಾಗ ಮಾತ್ರ ಸೇದುವ ಪಂಪೊಂದನ್ನೇ ನಂಬಿದ್ದರೆ ಅದು ಸಾಲದು. ಊತ ಇಳಿಸುವ ಔಷಧಿಯೂ ಬೇಕೆಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಅವರ ಕೈಯಲ್ಲಿರುವುದು ಯಾವುದು, ವೈದ್ಯರಿಗೆ ತೋರಿಸಿ.

ಚೀಟಿಯ ಹಣದಲ್ಲಿ ಒಂದು ಚಿಕ್ಕ ಪಾಲು ಸಾಕು, ಪೀಕ್ ಫ್ಲೋ ಮೀಟರ್ ಸಿಗುತ್ತದೆ. ಊದಿದರೆ ಉಸಿರಿನ ರಭಸ ಎಷ್ಟೆಂದು ಮುಳ್ಳು ತೋರಿಸುತ್ತದೆ. ಎರಡು ವಾರ ಕೆಲಸದ ದಿನಗಳಲ್ಲಿ, ಎರಡು ವಾರ ತವರಿನಲ್ಲಿ, ದಿನಕ್ಕೆ ನಾಲ್ಕು ಸಲ ಊದಿಸಿ ಪುಸ್ತಕದಲ್ಲಿ ಬರೆದಿಡಿ. ಪಂಪು ಎಂದಿನಂತೆಯೇ ನಡೆಯಲಿ. ಆ ಪುಸ್ತಕ ಹಿಡಿದು ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಗೆ ಹೋಗಿ. ಅಂಕಿಗಳು ತವರಿನಲ್ಲಿ ಏರಿದರೆ, ಬಿಚ್ಚುವ ಕೆಲಸ ಬಿಟ್ಟು ಬೇರೇನು ಮಾಡಬಹುದು ಎಂಬ ಮಾತನ್ನು ನೀವಿಬ್ಬರೂ ಕೂತು ಆಡಲೇಬೇಕಾಗುತ್ತದೆ. ಹನ್ನೆರಡು ವರ್ಷದ ಕಸುಬು ಬಿಡುವುದು ಸುಲಭವಲ್ಲ ಎಂದು ಬಲ್ಲೆ. ಏನಾಯಿತೆಂದು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂ.