ಅಮ್ಮನ ಗ್ಲಾಕೋಮಾ ಯಾವ ಬಗೆ ಅಂತ ಮೊದಲು ಕೇಳಿ
ಶುಗರ್‌ನಿಂದ ಬಂದ ನರನೋವಿಗೆ ಅಮ್ಮನಿಗೆ ಡುಲೋಕ್ಸೆಟಿನ್ ಮಾತ್ರೆ ಬರೆದಿದ್ದಾರೆ, ಅವರಿಗೆ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡದಿಂದ ಕಣ್ಣಿನ ನರ ಹಾಳಾಗುವ ಕಾಯಿಲೆ) ಇದೆ, ಕೊಡಬಹುದಾ ಅಂತ ಕೇಳಿದ್ದೀರಿ. ಮಾತ್ರೆಯ ಚೀಟಿಯಲ್ಲಿ ನೀವು ಓದಿದ ಗ್ಲಾಕೋಮಾ ಎಚ್ಚರಿಕೆ ಮುಖ್ಯವಾಗಿ ಕಣ್ಣಿನ ಕೋನ (ಒಳಗಿನ ನೀರು ಹೊರಹೋಗುವ ಜಾಗ) ಕಿರಿದಾಗಿರುವವರಿಗೆ. ಈ ಮಾತ್ರೆ ಕಣ್ಣಿನ ಪಾಪೆಯನ್ನು ಹಿಗ್ಗಿಸಬಹುದು. ಕೋನ ಕಿರಿದಾಗಿದ್ದರೆ ಒಳಗಿನ ನೀರು ಹೊರಹೋಗುವ ದಾರಿ ಮುಚ್ಚಿಕೊಂಡು ಒತ್ತಡ ದಿಢೀರನೆ ಏರಬಹುದು. ನರನೋವಿಗೆ ಕೊಡುವ ಇನ್ನೊಂದು ಮಾತ್ರೆ ಅಮಿಟ್ರಿಪ್ಟಿಲಿನ್‌ಗೂ ಇದೇ ಮಾತು.

ನಿಮ್ಮ ಅಮ್ಮನದು ಯಾವ ಬಗೆ ಅಂತ ಇಲ್ಲಿಂದ ಹೇಳೋಕಾಗಲ್ಲ. ಕಣ್ಣಿನ ಡಾಕ್ಟರನ್ನೇ ಕೇಳಿ: ‘ಕೋನ ತೆರೆದಿದೆಯಾ, ಕಿರಿದಾ? ಗೋನಿಯೋಸ್ಕೋಪಿ (ಕೋನ ನೋಡುವ ಪರೀಕ್ಷೆ) ಆಗಿದೆಯಾ?’ ಉತ್ತರವನ್ನು ಬರೆಸಿಕೊಂಡು ಶುಗರ್ ಡಾಕ್ಟರಿಗೆ ತೋರಿಸಿ. ಕಿರಿದು ಅಂದರೆ ಬದಲಿಗೆ ನರನೋವಿನ ಬೇರೆ ಮಾತ್ರೆಗಳಾದ ಪ್ರೆಗಾಬಲಿನ್ ಅಥವಾ ಗ್ಯಾಬಾಪೆಂಟಿನ್ ಆಗುತ್ತದಾ ಅಂತ ವಿಚಾರಿಸಿ. ಕಿಡ್ನಿ ರಿಪೋರ್ಟೂ ಕೈಯಲ್ಲಿರಲಿ, ಇವುಗಳ ಡೋಸ್ ಅದನ್ನು ನೋಡಿಯೇ ಕೊಡುವುದು.

ಡುಲೋಕ್ಸೆಟಿನ್ ಈಗಾಗಲೇ ಶುರುವಾಗಿದ್ದರೆ ಸುಮ್ನೆ ನಿಲ್ಲಿಸಬೇಡಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಕಣ್ಣು ಕೆಂಪಾಗಿ ನೋವು, ಮಂಜು, ದೀಪದ ಸುತ್ತ ಬಣ್ಣದ ಬಳೆ, ವಾಂತಿ ಕಾಣಿಸಿಕೊಂಡರೆ ಮಧ್ಯರಾತ್ರಿಯಾದರೂ ನೇರ ಆಸ್ಪತ್ರೆಗೆ ಹೋಗಿ.