ಬಿದಿರನ್ನು ಸುಟ್ಟರೆ ಗಟ್ಟಿಯಾಗುತ್ತಾ?

ಪ್ರಶ್ನೆ: ಚಪ್ಪರಕ್ಕೆ ಬಿದಿರಿನ ಕಂಬ ನೆಡಬೇಕು. ಕಪ್ಪಾಗುವ ತನಕ ಸುಟ್ಟರೆ ಕಬ್ಬಿಣದಷ್ಟು ಗಟ್ಟಿ ಆಗುತ್ತೆ, ಕುಟ್ಟೆ, ಗೆದ್ದಲು ಎರಡೂ ಬರಲ್ಲ ಅಂತಾರೆ. ಎಷ್ಟು ಹೊತ್ತು ಸುಡಬೇಕು?

ಉತ್ತರ: ಸುಡಬೇಡಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಹೀಗೆ ಹೇಳಿಕೊಟ್ಟು ಜನರ ಕಂಬ ಹಾಳು ಮಾಡುವವರ ಮೇಲೆ ನನಗೆ ಸಿಟ್ಟಿದೆ.

ಬಿದಿರಿನಲ್ಲಿ ಬಿಸಿಗೆ ಮೊದಲು ಸೋಲುವುದು ಹೆಮಿಸೆಲ್ಯುಲೋಸ್, ಅಂದರೆ ಜೀವಕೋಶಗಳ ಗೋಡೆಯಲ್ಲಿರುವ ಒಂದು ವಸ್ತು. ತೇವ ಹೀರುವುದರಲ್ಲೂ ಅದೇ ಮುಂದು. ಅದು ಕಡಿಮೆಯಾದರೆ ಬಿದಿರು ಮಳೆಗೆ ಉಬ್ಬುವುದು, ಬಿಸಿಲಿಗೆ ಕುಗ್ಗುವುದು ಕಡಿಮೆಯಾಗುತ್ತದೆ. ಬಣ್ಣ ಕಂದಾಗುತ್ತದೆ. ಮುಖ್ಯ ಲಾಭ ಇದು. ಆದರೆ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವುದರಲ್ಲೂ ಅದರ ಪಾಲಿದೆ. ಅದು ಹೋದಷ್ಟೂ ಬಿದಿರು ಪೆಡಸಾಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಮೊದಲು ಒಣಗಿಸಿ, ಹಬೆಯಲ್ಲೋ ಎಣ್ಣೆಯಲ್ಲೋ ಆಮ್ಲಜನಕ ತಾಗದಂತೆ, ಸುಮಾರು 150ರಿಂದ 220 ಡಿಗ್ರಿ ಸೆಲ್ಸಿಯಸ್ ಒಳಗೆ ಲೆಕ್ಕ ಇಟ್ಟು ಕಾಯಿಸುತ್ತಾರೆ. 200 ದಾಟಿದ ಮೇಲೆ ಬಲ ಇಳಿಯುವುದು ಎದ್ದು ಕಾಣುತ್ತದೆ. ಬಯಲಲ್ಲಿ ಹಚ್ಚಿದ ಬೆಂಕಿಗೆ ಈ ಲೆಕ್ಕ ಎಲ್ಲಿಂದ ಬರಬೇಕು?

ನಂಬಿಕೆ ಬರದಿದ್ದರೆ ಒಂದೇ ಗಳದಿಂದ ಎರಡು ದಬ್ಬೆ ಸೀಳಿ. ಒಂದನ್ನು ಕಡುಕಂದು ಬಣ್ಣ ಬರುವ ತನಕ ಕಾಯಿಸಿ. ಮೆಲ್ಲಗೆ ಬಗ್ಗಿಸಿದರೆ ಎರಡೂ ಒಂದೇ ಥರ ಬಿಗಿ ಅನ್ನಿಸುತ್ತವೆ. ಜನ ಮೋಸಹೋಗುವುದು ಇಲ್ಲೇ. ಪೂರ್ತಿ ಬಗ್ಗಿಸಿ ನೋಡಿ. ಕಾಯಿಸದ ದಬ್ಬೆ ಚರಚರ ಸೀಳುತ್ತದೆ, ಮುರಿದ ಮೇಲೂ ಉದ್ದುದ್ದ ನಾರು ಜೋತಾಡುತ್ತಿರುತ್ತದೆ. ಕಾಯಿಸಿದ್ದು ಪಟ್ಟಂತ ಮುರಿಯುತ್ತದೆ, ಮುರಿದ ಜಾಗದಲ್ಲಿ ಉದ್ದ ನಾರು ಅಷ್ಟಾಗಿ ಜೋತಾಡುವುದಿಲ್ಲ. ಭಾರ ಹೊರುವ ಕಂಬ ಹಾಗೆ ಮುರಿದರೆ ಕೆಳಗಿದ್ದವರ ಗತಿ ಏನು?

ಇನ್ನು ಹುಳುವಿನ ವಿಷಯ. ಬೆಂಕಿಗೆ ಒಳಗಿನ ಹುಳು ಸಾಯಬಹುದು. ಆದರೆ ಕುಟ್ಟೆ ಬರುವುದು ಪಿಷ್ಟಕ್ಕೆ. ಪಿಷ್ಟ ಉಳಿದಿದ್ದರೆ ಹೊಸ ಹುಳು ಬಂದೇ ಬರುತ್ತದೆ. ಮಣ್ಣಲ್ಲಿ ಹೂತ ಬುಡವನ್ನು ಗೆದ್ದಲಿನಿಂದ ಉಳಿಸುವ ಶಕ್ತಿಯಂತೂ ಬೆಂಕಿಗಿಲ್ಲ. ಬಿಳಿಗಾರ, ಬೋರಿಕ್ ಆ್ಯಸಿಡ್ ಬೆರೆಸಿದ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ. ಮಳೆ ನೀರಿಗೆ ಈ ಮದ್ದು ತೊಳೆದುಹೋಗುತ್ತದೆ. ಹಾಗಾಗಿ ಮೇಲೆ ಸೂರು ಇರಲಿ, ಕಂಬದ ಬುಡ ಮಣ್ಣಿಗೆ ತಾಗದೆ ಕಲ್ಲಿನ ಮೇಲೆ ಕೂರಲಿ.

ಪ್ರಶ್ನೆ: ಕಂದು ಬಣ್ಣದ ಬಿದಿರಿನ ನೆಲಹಾಸು ಜಾಸ್ತಿ ಗಟ್ಟಿ ಅಲ್ವಾ?

ಉತ್ತರ: ಅಲ್ಲ. ಕಾಯಿಸಿ ಕಂದು ಮಾಡಿದ್ದು ಸಾಮಾನ್ಯವಾಗಿ ತಿಳಿ ಬಣ್ಣದ್ದಕ್ಕಿಂತ ಮೆದು.

ಪ್ರಶ್ನೆ: ಬಗ್ಗಿಸಲು ಕಾಯಿಸಬಹುದಾ?

ಉತ್ತರ: ಧಾರಾಳವಾಗಿ. ನಾರುಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಬಿಸಿಗೆ ಮೆದುವಾಗುತ್ತದೆ. ಆರುವ ತನಕ ಬಗ್ಗಿಸಿಯೇ ಹಿಡಿದಿರಿ.

ಪ್ರಶ್ನೆ: ಗೆಣ್ಣಿಗೆ ತೂತು ಹಾಕದೆ ಇಡೀ ಗಳ ಕಾಯಿಸಿದರೆ ಏನಾಗುತ್ತೆ?

ಉತ್ತರ: ಒಳಗೆ ಸಿಕ್ಕಿಕೊಂಡ ಗಾಳಿ, ಹಬೆ ಗಳವನ್ನು ಸಿಡಿಸುತ್ತದೆ. ಚೂರು ಕಣ್ಣಿಗೇ ಹಾರಬಹುದು. ಗೆಣ್ಣು ಕೊರೆಯದೆ ಬೆಂಕಿಯ ಹತ್ತಿರವೂ ಒಯ್ಯಬೇಡಿ.